ಕೊನೆಯ ಪುಸ್ತಕದಲ್ಲಿ ಊರು ಏನಾಗುತ್ತದೆ? ಬೀದರಿನಲ್ಲಿ ಒಂದು ಫ್ಯಾಂಟಸಿ ಸರಣಿ ಮುಗಿಸುವ ಬಗೆ

ಹದಿಹರೆಯದವರಿಗಾಗಿ ಬರೆದ ಅರ್ಬನ್ ಫ್ಯಾಂಟಸಿ ಸರಣಿ, ಅಂದರೆ ನಾವು ಓಡಾಡುವ ಊರಿನಲ್ಲೇ ಮಾಯೆ ನಡೆಯುವ ಕತೆಗಳ ಸರಣಿ, ಸೋಲುವುದು ಹೆಚ್ಚಾಗಿ ಕೊನೆಯ ಪುಸ್ತಕದಲ್ಲಿ. ಮೊದಲ ಪುಸ್ತಕಕ್ಕೆ ಹೊಸತನದ ಬಲ ಇರುತ್ತದೆ. ಎರಡನೆಯದನ್ನು ಕುತೂಹಲ ಎಳೆದುಕೊಂಡು ಹೋಗುತ್ತದೆ. ಮೂರನೆಯದಕ್ಕೆ ಇವೆರಡೂ ಇಲ್ಲ, ಹಿಂದೆ ಕೊಟ್ಟ ಮಾತು ಉಳಿಸಿಕೊಳ್ಳುವುದೇ ಅದರ ಕೆಲಸ. ಓದುವ ಹದಿನೈದು ವರ್ಷದ ಹುಡುಗಿ ಆ ಮಾತುಗಳನ್ನು ಬರೆದವರಿಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾಳೆ. ಎರಡನೇ ಪುಸ್ತಕ ಬರುವ ಮುಂಚೆ ಅವಳು ಮೊದಲನೆಯದನ್ನು ಮತ್ತೆ ಮತ್ತೆ ಓದಿರುತ್ತಾಳೆ.

ಬೇರೆ ಲೋಕದ ಫ್ಯಾಂಟಸಿಗೆ ಒಂದು ಅನುಕೂಲ ಇದೆ. ಯುದ್ಧ ಮುಗಿದ ಮೇಲೆ ಕಥಾನಾಯಕಿ ಮನೆಗೆ ಮರಳಬಹುದು. ಮಾಯೆಯ ರಾಜ್ಯ ಆ ಕಡೆ ಉಳಿಯುತ್ತದೆ, ಶಾಲೆ ಮನೆ ಈ ಕಡೆ ಉಳಿಯುತ್ತವೆ. ನಮ್ಮ ಜನಪದ ಕತೆಗಳು ಮುಗಿಯುವುದೂ ಹಾಗೆಯೇ: ಅವರು ಅಲ್ಲಿ ಚಲೋ ಇದ್ದರು, ನಾವು ಇಲ್ಲಿ ಹಿಂಗ ಇದ್ದೀವಿ. ಕೇಳುವವರನ್ನೂ ಕತೆಯವರನ್ನೂ ಒಂದೇ ವಾಕ್ಯದಲ್ಲಿ ಬೇರೆ ಬೇರೆ ಮಾಡಿ ಕಳಿಸಿಬಿಡುವ ಚಂದದ ಉಪಾಯ ಅದು. ಅರ್ಬನ್ ಫ್ಯಾಂಟಸಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿಯವರೂ ಇಲ್ಲಿಯವರೇ. ಮಾಯೆ ನಡೆದದ್ದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ನಾಳೆ ಬೆಳಿಗ್ಗೆ ನಾಯಕಿ ಅದೇ ಗಲ್ಲಿಯಲ್ಲಿ ನಳದ ನೀರಿಗೆ ನಿಲ್ಲಬೇಕು. ಆದ್ದರಿಂದ ಇಲ್ಲಿ ಮುಕ್ತಾಯ ಎಂದರೆ ನಾಯಕಿಗೆ ಏನಾಯಿತು ಎಂಬುದು ಅರ್ಧ, ಊರಿಗೆ ಏನಾಯಿತು ಎಂಬುದು ಇನ್ನರ್ಧ. ಓದುಗರು "ಇಷ್ಟೇನಾ?" ಎಂದು ಪುಸ್ತಕ ಮುಚ್ಚುವುದು ಈ ಎರಡನೇ ಅರ್ಧ ಬರೆಯದೆ ಉಳಿದಾಗ.

ಕೆಡುವ ದಾರಿಗಳು ಹೆಚ್ಚೇನಿಲ್ಲ. ಕೊನೆಯ ಹೋರಾಟದಲ್ಲಿ ನಾಯಕಿಗೆ ಇದ್ದಕ್ಕಿದ್ದಂತೆ ಹೊಸ ಶಕ್ತಿ ಬರುತ್ತದೆ. ಇಲ್ಲವೇ ಊರಿನವರ ನೆನಪೆಲ್ಲ ಒಂದೇ ರಾತ್ರಿ ಅಳಿಸಿ ಎಲ್ಲವೂ ಮೊದಲಿನಂತೆ ಆಗಿಬಿಡುತ್ತದೆ. ಇಲ್ಲವೇ ಹತ್ತು ವರ್ಷದ ನಂತರದ ಅಧ್ಯಾಯ ಬಂದು ಎಲ್ಲರಿಗೂ ಮದುವೆ ಮಾಡಿ ಮಕ್ಕಳಿಗೆ ಸತ್ತವರ ಹೆಸರಿಡುತ್ತದೆ. ಮೂರಕ್ಕೂ ಮೂಲ ಒಂದೇ, ಬರೆಯುವವರು ಬೆಲೆ ತೆರುವುದನ್ನು ತಪ್ಪಿಸಿಕೊಳ್ಳುತ್ತಿದ್ದಾರೆ. ಹೊಸ ಶಕ್ತಿ ಬಂದರೆ ನಾಯಕಿ ಏನನ್ನೂ ಕಳೆದುಕೊಳ್ಳಬೇಕಿಲ್ಲ. ನೆನಪು ಅಳಿಸಿದರೆ ಊರು ಬದಲಾಗಬೇಕಿಲ್ಲ. ಹತ್ತು ವರ್ಷ ಹಾರಿಬಿಟ್ಟರೆ ಮರುದಿನದ ಬೆಳಿಗ್ಗೆಯನ್ನು ಬರೆಯಬೇಕಿಲ್ಲ. ನನ್ನ ಮಟ್ಟಿಗೆ ನೆನಪು ಅಳಿಸುವುದೇ ಇವುಗಳಲ್ಲಿ ಕೆಟ್ಟದ್ದು. ಮೂರು ಪುಸ್ತಕ ಜೊತೆಗಿದ್ದ ಓದುಗರಿಗೆ, ನೀವು ಕಂಡದ್ದು ಯಾರಿಗೂ ಲೆಕ್ಕಕ್ಕಿಲ್ಲ ಎಂದು ಹೇಳಿದಂತೆ ಅದು.

ಸರಣಿ ಮುಗಿಸುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ವಿಕ್ರಮ ಮತ್ತು ಬೇತಾಳನ ಕತೆಯ ಕೊನೆಯನ್ನು ನಿಧಾನವಾಗಿ ಬಿಚ್ಚಿ ನೋಡಿ. ನಿಯಮ ಮೊದಲ ಕತೆಯಲ್ಲೇ ಇದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ, ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ. ರಾಜ ಮತ್ತೆ ಮತ್ತೆ ಗೆಲ್ಲುತ್ತಾನೆ, ಗೆದ್ದಾಗಲೆಲ್ಲ ಹೆಣ ಹೆಗಲಿನಿಂದ ಜಾರುತ್ತದೆ. ಕೊನೆಯ ಕತೆಯಲ್ಲಿ ಒಬ್ಬ ತಂದೆ ಬೇರೆ ಮನೆತನದ ಹುಡುಗಿಯನ್ನು ಮದುವೆಯಾಗುತ್ತಾನೆ, ಅವನ ಮಗ ಆ ಹುಡುಗಿಯ ತಾಯಿಯನ್ನು ಮದುವೆಯಾಗುತ್ತಾನೆ. ಇವರ ಮಕ್ಕಳು ಪರಸ್ಪರ ಏನಾಗಬೇಕು ಎಂದು ಬೇತಾಳ ಕೇಳುತ್ತದೆ. ರಾಜನಿಗೆ ನಿಜಕ್ಕೂ ಗೊತ್ತಿಲ್ಲ, ಸುಮ್ಮನೆ ನಡೆಯುತ್ತಾನೆ. ತಲೆ ಸಿಡಿಯುವುದಿಲ್ಲ, ಬೇತಾಳ ಹಾರುವುದಿಲ್ಲ. ನಿಯಮದ ಒಂದಕ್ಷರವೂ ಬದಲಾಗಿಲ್ಲ. ಅಲ್ಲಿಯತನಕ ಯಾರೂ ಲಕ್ಷ್ಯ ಕೊಡದ ಅದರ ಇನ್ನೊಂದು ಬದಿ ತೆರೆದುಕೊಂಡಿದೆ ಅಷ್ಟೇ. ಆಮೇಲೆ, ಹೆಣ ತರಲು ಕಳಿಸಿದ ಸನ್ಯಾಸಿ ರಾಜನನ್ನೇ ಬಲಿ ಕೊಡಲು ಹೂಡಿದ ಮೋಸ ಬಯಲಾಗುತ್ತದೆ. ಸಾಷ್ಟಾಂಗ ನಮಸ್ಕಾರ ನನಗೆ ಬಾರದು, ನೀವೇ ಮಾಡಿ ತೋರಿಸಿ ಎಂದು ರಾಜ ಹೇಳುತ್ತಾನೆ, ಸನ್ಯಾಸಿ ಅಡ್ಡಬಿದ್ದಾಗ ಅವನ ತಲೆ ಕಡಿಯುತ್ತಾನೆ. ರಾಜನಾದವನು ಯಾರಿಗೂ ಅಡ್ಡಬಿದ್ದವನಲ್ಲ, ಹಾಗಾಗಿ ಆ ಮಾತು ಅವನ ಬಾಯಿಗೆ ಒಪ್ಪುತ್ತದೆ. ಹೊಸ ಆಯುಧವೂ ಇಲ್ಲ, ಹೊಸ ವರವೂ ಇಲ್ಲ.

ಇದೇ ಅಳತೆಯಲ್ಲಿ ಬೀದರಿನಲ್ಲಿ ನಡೆಯುವ ಮೂರು ಪುಸ್ತಕದ ಸರಣಿಯೊಂದನ್ನು ಊಹಿಸಿಕೊಳ್ಳೋಣ. ಬೀದರ ಯಾಕೆಂದರೆ ಈ ಊರಿನ ಕಸುಬೇ ಒಂದು ಮಾಯೆಯ ನಿಯಮವನ್ನು ತಯಾರು ಮಾಡಿ ಇಟ್ಟಿದೆ. ಬಿದರಿ ಸಾಮಾನಿನ ಮೈ ಹೆಚ್ಚಾಗಿ ಜಸ್ತ ಅಂದರೆ ಸತು, ಅದಕ್ಕೆ ಸ್ವಲ್ಪ ತಾಮ್ರ, ಸುಮಾರು ಹದಿನಾರಕ್ಕೆ ಒಂದರ ಪ್ರಮಾಣ. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಕೊರೆದ ಗೆರೆ ಬೆಳ್ಳಗೆ ಕಾಣುತ್ತದೆ. ಉಳಿಯಿಂದ ಚಿತ್ತಾರ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಆಗ ಮೊದಲಿನ ಕಪ್ಪು ಹೋಗಿಬಿಡುತ್ತದೆ. ಜಸ್ತವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬರುತ್ತವೆ, ಚಿತ್ತಾರ ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಕೊನೆಗೆ ಹಳೆಯ ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ನೀರಿಗೆ ಹಾಕಿ ಕಾಯಿಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚುತ್ತಾರೆ. ಜಸ್ತದ ಮೈ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮೇಲೆ ಎಣ್ಣೆ ಸವರಿದರೆ ಕೆಲಸ ಮುಗಿಯಿತು. ಯಾವ ಮಣ್ಣು ನಡೆಯುತ್ತದೆ ಎಂಬುದನ್ನು ಕಸುಬಿನವರು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ.

ಈ ಕ್ರಮದಲ್ಲೇ ಮೂರು ಪುಸ್ತಕ ಇವೆ. ಮೊದಲನೆಯದು ತಾತ್ಕಾಲಿಕ ಕಪ್ಪು: ಅಪಾಯ ಕಾಣುತ್ತದೆ, ಉಜ್ಜಿದರೆ ಹೋಗುತ್ತದೆ, ಆದರೆ ಅದರಿಂದಲೇ ಗೆರೆ ಕಾಣಿಸಿತು. ಎರಡನೆಯದು ಎಲ್ಲವೂ ಒಂದೇ ಬಣ್ಣ: ಗೆಳೆಯರು ಯಾರು, ಮೋಸ ಮಾಡುವವರು ಯಾರು, ತಿಳಿಯುವುದಿಲ್ಲ. ಮೂರನೆಯದು ಮಣ್ಣು. ನಾಯಕಿಗೆ ಗೌರಿ ಎಂದು ಹೆಸರಿಡೋಣ. ಹದಿನೇಳು ವರ್ಷ, ಎರಡನೇ ಪಿಯುಸಿ, ಬಿದರಿ ಕೆತ್ತುವ ಮುತ್ಯಾನ (ಅಜ್ಜನ) ಹತ್ತಿರ ಕೆಲಸ ಕಲಿಯುತ್ತಾಳೆ. ಗೆಳೆಯ ಸಾದಿಕ್, ಅವನ ಅಬ್ಬಾ ಆಟೋ ಓಡಿಸುತ್ತಾನೆ. ಎದುರಾಳಿ ಇರುವುದು ನೆಲದಡಿಯಲ್ಲಿ.

ಬೀದರಿನ ನೆಲದಡಿ ಬಹಮನಿ ಕಾಲದ ಕರೇಜ್ ಇದೆ. ಪರ್ಷಿಯಾದ ಜಾಣ್ಮೆಯಿಂದ ಕಡಿದ ಸುರಂಗ ಕಾಲುವೆ ಅದು. ಮೇಲೆತ್ತುವ ಯಂತ್ರವಿಲ್ಲದೆ, ನೆಲದ ಸಣ್ಣ ಇಳಿಜಾರಿನಲ್ಲೇ ಅಂತರ್ಜಲ ಹರಿದು ಬರುವಂತೆ ಮಾಡಿದ ಏರ್ಪಾಡು. ಗಾಳಿಗೂ, ಕಡಿದ ಮಣ್ಣು ಮೇಲೆತ್ತುವುದಕ್ಕೂ ನೌಬಾದಿನ ಕಡೆ ಸಾಲಾಗಿ ಕಡಿದ ನೆಟ್ಟನೆಯ ಕಿಂಡಿಬಾವಿಗಳು ಇಪ್ಪತ್ತಕ್ಕೂ ಹೆಚ್ಚು. ಕೆಲವು ಕಸ ತುಂಬಿ ಮುಚ್ಚಿಹೋದವು, ಕೆಲವುಗಳ ಮೇಲೆ ಕಟ್ಟಡ ಬಂದವು. ಸರಣಿಯ ಎದುರಾಳಿ ಈ ಮುಚ್ಚಿದ ಕಿಂಡಿಗಳಿಂದಲೇ ಹುಟ್ಟಲಿ. ಅದಕ್ಕೆ ನೀರಡಿಕೆ ಎಂದೇ ಹೆಸರು. ಸ್ವಂತ ದನಿ ಇಲ್ಲ, ಕಿಂಡಿಯ ಬಾಯಲ್ಲಿ ಮಾತಾಡಿದವರ ದನಿಗಳನ್ನು ನುಂಗಿ, ಅವೇ ದನಿಗಳಿಂದ ಜನರನ್ನು ಕೆಳಗೆ ಕರೆಯುತ್ತದೆ. ಒಂದು ಕಿಂಡಿ ಮುಚ್ಚಿದಷ್ಟೂ ಅದು ಬೆಳೆಯುತ್ತದೆ.

ಈಗ ಮೂರನೇ ಪುಸ್ತಕಕ್ಕೆ ಕೈ ಹಚ್ಚುವ ಮುಂಚಿನ ಕೆಲಸ. ಕಿರಾಣಿ ಅಂಗಡಿಯ ಉದ್ರಿ ವಹಿಯ ಹಾಗೆ ಒಂದು ಉದ್ದನೆಯ ನೋಟುಪುಸ್ತಕ ಬೇಕು. ಹಿಂದಿನ ಎರಡೂ ಪುಸ್ತಕಗಳನ್ನು ಮೊದಲ ಪುಟದಿಂದ ಓದುತ್ತ ಬಾಕಿ ಬರೆದುಕೊಳ್ಳಬೇಕು. ನಾಲ್ಕು ಕಾಲಂ ಸಾಕು: ಪುಟ ಸಂಖ್ಯೆ, ಏನು ಬಾಕಿ, ಅದು ಯಾವ ಪಾತ್ರಕ್ಕೆ ಗೊತ್ತು, ಎಲ್ಲಿ ತೀರುತ್ತದೆ. ಬಾಕಿ ಎಂದರೆ ಪ್ರಶ್ನೆ ಮಾತ್ರ ಎಂದುಕೊಳ್ಳಬೇಡಿ. ಕೊಟ್ಟ ಮಾತು, ಎರಡು ಸಲ ಹೆಸರು ಬಂದ ವಸ್ತು, ಹೇಳಿದ ನಿಯಮ, ಆದ ಗಾಯ, ಯಾರೋ ಸುಮ್ಮನೆ ಹಾಡಿದ ಪದ ಎಲ್ಲವೂ ಬಾಕಿ. ಮೊದಲ ಪುಸ್ತಕದಲ್ಲಿ ಮುತ್ಯಾ ಗೂಡಿನ ಮೇಲಿಂದ ಒಂದು ಅರ್ಧ ಕೆತ್ತಿದ ಸುರಾಯಿ ಇಳಿಸಿ ಮತ್ತೆ ಇಟ್ಟಿದ್ದರೆ, ಓದುಗರು ಆ ಸುರಾಯಿಗಾಗಿ ಎರಡು ಪುಸ್ತಕ ಕಾದಿದ್ದಾರೆ. ಅರವತ್ತು ಎಂಬತ್ತು ಬಾಕಿ ಬಂದರೆ ಗಾಬರಿ ಬೇಡ. ಎಲ್ಲವನ್ನೂ ಕೊನೆಯ ಹೋರಾಟದಲ್ಲಿ ತೀರಿಸಬಾರದು. ಹಾಗೆ ಮಾಡಿದರೆ ಆ ಅಧ್ಯಾಯ ಉತ್ತರ ಪತ್ರಿಕೆಯಾಗಿಬಿಡುತ್ತದೆ. ಸಣ್ಣ ಬಾಕಿಗಳಲ್ಲಿ ಅರ್ಧದಷ್ಟನ್ನು ಪುಸ್ತಕದ ಮೊದಲ ಮೂರನೇ ಒಂದು ಭಾಗದಲ್ಲೇ ತೀರಿಸಿಬಿಡಿ. ಬರೆದವರಿಗೆ ಎಲ್ಲ ನೆನಪಿದೆ ಎಂಬ ನಂಬಿಕೆ ಓದುಗರಿಗೆ ಅಲ್ಲಿಯೇ ಬರುತ್ತದೆ, ದೊಡ್ಡದಕ್ಕೆ ಅವರು ತಾಳ್ಮೆಯಿಂದ ಕಾಯುತ್ತಾರೆ. ಕೊನೆಯ ಹೋರಾಟಕ್ಕೆ ನಾಲ್ಕೈದು ದೊಡ್ಡ ಬಾಕಿ ಉಳಿದರೆ ಸಾಕು, ಅವು ಒಂದೇ ಕ್ರಿಯೆಯಲ್ಲಿ ತೀರುವಂತಿರಬೇಕು.

ಆ ಕ್ರಿಯೆ ನಮ್ಮ ಕತೆಯಲ್ಲಿ ಹೀಗಿರಬಹುದು. ನೀರಡಿಕೆ ನುಂಗಿದ ದನಿಗಳ ಹೆಸರುಗಳನ್ನು ಗೌರಿ ಸುರಾಯಿಯ ಮೇಲೆ ಬೆಳ್ಳಿಯಲ್ಲಿ ಕೂರಿಸಿದ್ದಾಳೆ. ಎರಡನೇ ಪುಸ್ತಕ ಪೂರ್ತಿ ಅದೇ ಕೆಲಸ. ಕರೇಜಿನ ತಳದಲ್ಲಿ ಸುರಾಯಿಗೆ ಮಣ್ಣು ಹಚ್ಚಿದಾಗ ಬೆಳ್ಳಿಯ ಹೆಸರುಗಳು ಬೇರೆಯಾಗಿ ನಿಲ್ಲುತ್ತವೆ. ದನಿಗಳು ನೀರಡಿಕೆಯಿಂದ ಬಿಟ್ಟುಕೊಂಡು ಬರುತ್ತವೆ. ಕರೆಯಲು ದನಿಯೇ ಇಲ್ಲದ ನೀರಡಿಕೆ ಅಲ್ಲೇ ಉಳಿಯುತ್ತದೆ. ಕೊಲ್ಲುವ ಪ್ರಶ್ನೆ ಇಲ್ಲ, ಮಣ್ಣಿಗೆ ಕೊಲ್ಲುವ ಗುಣ ಇದೆ ಎಂದು ಎಲ್ಲೂ ಹೇಳಿಲ್ಲವಲ್ಲ.

ಇಲ್ಲಿಂದ ಮುಂದೆ ಭೌತಿಕ ವಿವರವೇ ಕತೆಯನ್ನು ಕಟ್ಟಬೇಕು. ನವಸಾಗರ ಕಾಯಿಸಿದರೆ ಘಾಟು ಬರುತ್ತದೆ. ಮುಚ್ಚಿದ ಸುರಂಗದಲ್ಲಿ ಒಲೆ ಹಚ್ಚಿದರೆ ಕಣ್ಣು ಗಂಟಲು ಹಿಡಿದುಕೊಂಡು ಗೌರಿ ನಿಲ್ಲಲಾರಳು. ಆದ್ದರಿಂದ ನೀರು ಮೇಲೆಯೇ ಕುದಿಯಬೇಕು. ಹಾಗಾದರೆ ಮೇಲೆ ಒಬ್ಬರು ಬೇಕು. ಸಾದಿಕ್‌ನಿಗೆ ಕೆಲಸ ಸಿಕ್ಕಿತು, ಅದೂ ಅವನಿಲ್ಲದೆ ಆಗದ ಕೆಲಸ. ಆದರೆ ಮಣ್ಣಿಗೆ ಬಿಸಿಲು ತಾಗಬಾರದು ಎಂಬುದು ಮೊದಲ ಪುಸ್ತಕದ ನಿಯಮ. ಮೇಲೆ ಬಯಲಲ್ಲಿ ಮಣ್ಣು ಬೆರೆಸಿದರೆ ನಿಯಮ ಮುರಿಯುತ್ತದೆ, ಹದಿನೈದರ ಓದುಗರು ಅದನ್ನು ಹಿಡಿಯುತ್ತಾರೆ. ಹಾಗಾಗಿ ನವಸಾಗರದ ಕುದಿನೀರು ಮಾತ್ರ ಕಿಂಡಿಯಲ್ಲಿ ಹಗ್ಗದಿಂದ ಇಳಿಯಬೇಕು. ಮಣ್ಣು ಬಟ್ಟೆಯಲ್ಲಿ ಸುತ್ತಿ ಕೆಳಗೆ ಗೌರಿಯ ಸೊಂಟದಲ್ಲಿರಬೇಕು. ನೆಲದಡಿ ಫೋನಿಗೆ ಸಿಗ್ನಲ್ ಸಿಗದು, ಹಗ್ಗ ಎಳೆಯುವುದೇ ಸನ್ನೆ. ಇಳಿಯುತ್ತ ಇಳಿಯುತ್ತ ನೀರು ಆರುತ್ತದೆ. ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಎಲ್ಲ ಕೆಲಸ ಮತ್ತೆ ಮೊದಲಿನಿಂದ. ಆತಂಕಕ್ಕೆ ಗುಡುಗು ಸಿಡಿಲು ಬೇಕಿಲ್ಲ.

ಗಡುವೂ ಊರೇ ಕೊಡುತ್ತದೆ. ಬೀದರ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಎರಡನೇ ವಾರದಲ್ಲಿ ಮತ್ತು ಆಗಸ್ಟ್ ಮೊದಲಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಇರುವುದೇ ಹೆಚ್ಚು, ಮೇ ಆಗಲಿ. ನಮ್ಮ ಗಡಿಯಾರದ ಸಮಯ ಈ ರೇಖಾಂಶಕ್ಕಿಂತ ಮುಂದಿರುವುದರಿಂದ ಆ ಹೊತ್ತು ಬರುವುದು ಸುಮಾರು 12 ಗಂಟೆ 16 ನಿಮಿಷಕ್ಕೆ. ಆಗ ಮಾತ್ರ ಬಿಸಿಲು ಕಿಂಡಿಯ ಗೋಡೆ ತಾಗದೆ ತಳಕ್ಕೆ ಬೀಳುತ್ತದೆ. ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತಾನೆ. ಕಿಂಡಿ ಆಳವಿದ್ದಷ್ಟೂ ಆ ಬೆಳಕು ತಳದಲ್ಲಿ ನಿಲ್ಲುವ ಹೊತ್ತು ಕಡಿಮೆ. ಬಿಸಿಲು ಮಣ್ಣಿಗೆ ತಾಗುವ ಮುಂಚೆ ಕೆಲಸ ಮುಗಿಯಬೇಕು, ಬಿಸಿಲು ಬಂದ ಮೇಲೆ ಕಪ್ಪು ಏರುವುದಿಲ್ಲ. ಮಧ್ಯಾಹ್ನವಾದ್ದರಿಂದ ಊರಿನವರು ಯಾಕೆ ನೋಡಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬೀದರ ಎತ್ತರದಲ್ಲಿದೆ, ಕಲಬುರಗಿಯಷ್ಟು ಸುಡುವುದಿಲ್ಲ ನಿಜ. ಆದರೂ ಮೇ ಮಧ್ಯಾಹ್ನ ಬೀದಿಯಲ್ಲಿ ಜನ ಇರುವುದಿಲ್ಲ. ಕೈಯಲ್ಲಿ ಫೋನು, ಮೂಲೆಗೊಂದು ಕ್ಯಾಮೆರಾ ಇರುವ ಕಾಲದಲ್ಲಿ ಮಾಯೆ ಗುಟ್ಟಾಗಿ ಉಳಿದದ್ದು ಹೇಗೆ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಉತ್ತರ ಮಾಯೆಯಿಂದ ಬರುವುದಕ್ಕಿಂತ ಊರಿನ ದಿನಚರಿಯಿಂದ ಬಂದರೆ ನಂಬಿಕೆ ಗಟ್ಟಿ.

ಬೆಲೆಯ ವಿಷಯ. ಬೆಲೆ ತೆರಬೇಕಾದವಳು ಗೌರಿ, ಅದೂ ತನ್ನ ಇಚ್ಛೆಯಿಂದ, ಏನು ಹೋಗುತ್ತದೆ ಎಂದು ಗೊತ್ತಿದ್ದು. ಕೊನೆಯ ಗಳಿಗೆಯಲ್ಲಿ ಮುತ್ಯಾ ಅಡ್ಡ ಬಂದು ಪ್ರಾಣ ಕೊಟ್ಟರೆ ಕಣ್ಣೀರು ಬರುತ್ತದೆ, ಆದರೆ ತೀರ್ಮಾನ ಹಿರಿಯರದಾಗುತ್ತದೆ. ಬೆಳೆಯುವುದರ ಬಗ್ಗೆ ಬರೆದ ಕತೆಯಲ್ಲಿ ಹಿರಿಯರು ಬೆಲೆ ತೆತ್ತರೆ ಬೆಳೆದವರು ಯಾರು? ಹಾಗಂತ ಹಿರಿಯರನ್ನು ದಡ್ಡರನ್ನಾಗಿ ಮಾಡುವುದೂ ಬೇಡ. ಮುತ್ಯಾ ಇಳಿಯದಿರಲು ಸಾದಾ ಕಾರಣ ಸಾಕು, ಮೊಣಕಾಲು ನೋವು, ಕಿಂಡಿಯ ಇಕ್ಕಟ್ಟು. ಗೌರಿಗೆ ಪ್ರಾಣಕ್ಕಿಂತ ಸಣ್ಣದಾದ, ಆದರೆ ಅವಳದ್ದೇ ಆದ ನಷ್ಟ ಇರಲಿ: ನಾಲಿಗೆಯ ರುಚಿ. ಮೊದಲ ಪುಸ್ತಕದಲ್ಲಿ ಮುತ್ಯಾ ಅವಳಿಗೆ ಮಣ್ಣು ನೆಕ್ಕಿ ನೋಡಲು ಕಲಿಸುವ ಇಡೀ ಅಧ್ಯಾಯ ಇದ್ದರೆ ಮಾತ್ರ ಇದು ತಟ್ಟುತ್ತದೆ. ಇನ್ನು ಮುಂದೆ ಮಣ್ಣು ಆರಿಸಲು ಅವಳು ಬೇರೆಯವರನ್ನು ಕೇಳಬೇಕು. ಕೆತ್ತನೆ ಉಳಿದಿದೆ. ಇದು ಪೂರಾ ದುಃಖವೂ ಅಲ್ಲ, ಪೂರಾ ಗೆಲುವೂ ಅಲ್ಲ, ಹದಿನೇಳರ ವಯಸ್ಸಿಗೆ ಒಪ್ಪುವ ಅಳತೆ.

ಇಂಥ ಜಾಗದಲ್ಲೇ ಭಾಷೆ ಕೈಕೊಡುತ್ತದೆ. ಎರಡು ಪುಸ್ತಕ ಬೀದರ ಕನ್ನಡ ಆಡಿದ ಪಾತ್ರಗಳು ಭಾವುಕ ದೃಶ್ಯ ಬಂದ ಕೂಡಲೇ ಪಠ್ಯಪುಸ್ತಕದ ಕನ್ನಡಕ್ಕೆ ಹೋಗಿಬಿಡುತ್ತವೆ. "ತಾತ, ನೀವು ಕಲಿಸಿದ ವಿದ್ಯೆಯನ್ನು ನಾನು ಎಂದಿಗೂ ಮರೆಯಲಾರೆ" ಎಂದು ಗೌರಿ ಹೇಳಿದರೆ ಅವಳು ಗೌರಿಯೇ ಅಲ್ಲ. ಅದೇ ದೃಶ್ಯ ಹೀಗಿದ್ದರೆ:

"ಮುತ್ಯಾ, ಮಣ್ಣಿನ ರುಚಿ ಹತ್ತವಲ್ದು."

"ನೀರು ಕುಡಿ."

"ನೀರಿಂದೂ ಹತ್ತವಲ್ದು."

ಮುತ್ಯಾ ಬಹಳ ಹೊತ್ತು ಅವಳ ಮಾರಿ ನೋಡಿದ. ಕೈಗೆ ಉಳಿ ಕೊಟ್ಟ. "ಇದು ಹಿಡಿಲಾಕ ಬರ್ತದೋ ಇಲ್ಲೋ, ಮೊದ್ಲ ಅದು ನೋಡು."

ನಿರೂಪಣೆ ಶಿಷ್ಟ ಕನ್ನಡದಲ್ಲಿ ಇರಲಿ, ಅಡ್ಡಿಯಿಲ್ಲ. ಆಡುಮಾತು ಮಾತ್ರ ಎಲ್ಲಿಯೂ ಬದಲಾಗಬಾರದು, ನೋವಿನಲ್ಲಂತೂ ಬದಲಾಗಲೇಬಾರದು. ಸಾದಿಕ್ ಮನೆಯಲ್ಲಿ ದಖನಿ ಉರ್ದು, ಗೌರಿಯ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿ. ಈ ಕಟ್ಟಳೆಯನ್ನೂ ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಊರಿನ ಇತಿಹಾಸವನ್ನು ಬಳಸುವಾಗ ಒಂದು ಆಸೆಯನ್ನು ಹತ್ತಿಕ್ಕಲೇಬೇಕು. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನ ಮದರಸಾ 1472ರದ್ದು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಈಗಿಲ್ಲ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿದ್ದ ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗ ಉರುಳಿತು. ಉಳಿದ ಗೋಡೆಯ ಮೇಲೆ ನೀಲಿ ಹಸಿರು ಹೆಂಚಿನ ತುಣುಕುಗಳು ಇನ್ನೂ ಇವೆ. ಕೊನೆಯ ಅಧ್ಯಾಯದಲ್ಲಿ ಆ ಮಿನಾರು ಮತ್ತೆ ಎದ್ದು ನಿಲ್ಲಲಿ ಎಂದು ಯಾವ ಬರೆಯುವವರಿಗೂ ಅನಿಸುತ್ತದೆ. ನಿಲ್ಲಿಸಬೇಡಿ. ನಾಳೆ ಬೀದರಿಗೆ ಬಂದು ನೋಡುವ ಓದುಗರಿಗೆ ಆ ಜಾಗ ಖಾಲಿಯೇ ಕಾಣುತ್ತದೆ, ನಿಮ್ಮ ಮುಕ್ತಾಯ ಅಲ್ಲಿಗೆ ಸುಳ್ಳಾಗುತ್ತದೆ. ಇತಿಹಾಸ ಕಳೆದದ್ದನ್ನು ಮಾಯೆ ತಂದುಕೊಟ್ಟರೆ ಗೌರಿ ಕಳೆದುಕೊಂಡದ್ದಕ್ಕೂ ತೂಕ ಇರುವುದಿಲ್ಲ. ಗವಾನನ ಕತೆಯಿಂದ ಬೇಕಾದರೆ ಬೇರೆಯದನ್ನು ತೆಗೆದುಕೊಳ್ಳಿ. 1481ರಲ್ಲಿ ಅವನನ್ನು ಕೊಂದದ್ದು ಅವನ ಮುದ್ರೆಯಿದ್ದ ಖೊಟ್ಟಿ ಪತ್ರದ ಆಧಾರದ ಮೇಲೆ. ಎರಡನೇ ಪುಸ್ತಕದಲ್ಲಿ ಖೊಟ್ಟಿ ಮೆಸೇಜೊಂದು ಸಾದಿಕ್‌ನನ್ನು ಸಿಕ್ಕಿಸಿದ್ದರೆ, ಮೂರನೆಯದರಲ್ಲಿ ಅಂಥದ್ದೇ ಒಂದನ್ನು ಕಳಿಸುವ ಅವಕಾಶ ಗೌರಿಗೆ ಬರಲಿ, ಅವಳು ಕಳಿಸದಿರಲಿ.

ಜನ ಕೈಮುಗಿಯುವ ಗುಡಿ, ದರ್ಗಾ, ಗುರುದ್ವಾರಗಳನ್ನು ಭೂತದ ಬಿಲ ಮಾಡುವುದು ಬೇಡ. ಎದುರಾಳಿಗೆ ಒಂದು ಜಾತಿಯ, ಒಂದು ಧರ್ಮದ ಮುಖವೂ ಬೇಡ. ಕರೇಜಿನ ನೀರು ಎಲ್ಲರೂ ಕುಡಿದದ್ದು, ಕಿಂಡಿ ಮುಚ್ಚಿದವರೂ ಎಲ್ಲರೇ.

ಸರಣಿ ಕಲಬುರಗಿ ಕಡೆಯದಾದರೆ ಸನ್ನತಿಯ ಕಡೆ ನೋಡಬಹುದು. 1986ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲೇ ಅಶೋಕನ ಶಾಸನದ ಕಲ್ಲು ಎಂದು ತಿಳಿಯಿತು. ಪೀಠ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಜನ ದಿನವೂ ಕೈಮುಗಿಯುತ್ತಿದ್ದ ಜಾಗದಲ್ಲೇ, ಕಣ್ಣೆದುರೇ ಇದ್ದು ಕಾಣದ ಉತ್ತರ. ಕೊನೆಯ ಪುಸ್ತಕದ ರಹಸ್ಯ ಹೀಗಿರಬೇಕು. ಓದುಗರು ಮೊದಲ ಪುಸ್ತಕಕ್ಕೆ ಹಿಂದಿರುಗಿ ನೋಡಿದರೆ ಅದು ಅಲ್ಲೇ ಇರಬೇಕು, ಆ ತೂತಿನಲ್ಲಿ ಹೋದ ಅಕ್ಷರಗಳಂತೆ ಸ್ವಲ್ಪ ಸಿಗದೆಯೂ ಇರಬೇಕು.

ಅಳತೆಗೆ ಬರೋಣ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಇಂಗ್ಲಿಷಿನ ಪದಗಳ ಲೆಕ್ಕ ನಮಗೆ ಹೊಂದುವುದಿಲ್ಲ. ಡೆಮ್ಮಿ 1/8 ಆಕಾರದ ಪುಟಕ್ಕೆ ಸುಮಾರು 230 ಪದ ಹಿಡಿದರೆ 224 ಪುಟಕ್ಕೆ ಸುಮಾರು 51,500 ಪದ. ಮುದ್ರಣದಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟದ ಕಟ್ಟಿಗೆ ಫಾರಂ ಅನ್ನುತ್ತಾರೆ, ಆ ಲೆಕ್ಕದಲ್ಲಿ ಸರಿಯಾಗಿ 14 ಫಾರಂ. ಅದರಲ್ಲಿ ಕರೇಜಿಗೆ ಇಳಿಯುವುದು 165ನೇ ಪುಟದ ಆಸುಪಾಸು, ಮೇಲೆ ಬರುವುದು 200ರ ಹೊತ್ತಿಗೆ. ಉಳಿದ 24 ಪುಟ ಆಮೇಲಿನದು. ಈ 24 ಪುಟವನ್ನು ಆರಕ್ಕೆ ಇಳಿಸುವ ಒತ್ತಡ ಬರೆಯುವವರ ದಣಿವಿನಿಂದಲೂ ಬರುತ್ತದೆ, ಫಾರಂ ಲೆಕ್ಕದಿಂದಲೂ ಬರುತ್ತದೆ. ಇಳಿಸಬಾರದು. ಪುಟ ಕಡಿಮೆ ಮಾಡಲೇಬೇಕಾದರೆ ಸುರಂಗದ ಓಡಾಟದಲ್ಲಿ ಮಾಡಿ. ಅಲ್ಲಿ ಒಂದೇ ಅಪಾಯ ಮೂರು ಸಲ ಬಂದಿರುತ್ತದೆ, ಎರಡು ತೆಗೆದರೆ ಯಾರಿಗೂ ತಿಳಿಯುವುದಿಲ್ಲ.

ಆ 24 ಪುಟದಲ್ಲಿ ಊರು ಕಾಣಬೇಕು. ಒಂದು ಕಿಂಡಿ ತೆರೆದಿದೆ, ಒಂದು ಹಳೆಯ ಬಾವಿಗೆ ನೀರು ಬಂದಿದೆ. ಒಂದೇ ಬಾವಿಗೆ. ಇಡೀ ಊರಿನ ನೀರಿನ ತಾಪತ್ರಯ ತೀರಿತು ಎಂದು ಬರೆದರೆ ಬೀದರಿನ ಯಾರೂ ನಂಬುವುದಿಲ್ಲ. ಆ ನೀರು ಯಾವ ಗಲ್ಲಿಗೆ, ಸರದಿ ಯಾರದ್ದು, ಮೋಟಾರು ಯಾರು ಹಚ್ಚಬೇಕು ಎಂದು ಜಗಳ ಬರಲಿ. ಮಾಯೆ ನಡೆದ ಊರಿಗೆ ಈ ಜಗಳವೇ ಗುರುತು. ಕೆಲವರಿಗೆ ಅರ್ಧಂಬರ್ಧ ಗೊತ್ತಿರಲಿ. ತೀರಿಹೋದ ಅಕ್ಕನ ದನಿ ಕೇಳಿದ ಹೆಂಗಸೊಬ್ಬಳು ಗೌರಿಯನ್ನು ನಿಲ್ಲಿಸಿ, ಏನೂ ಕೇಳದೆ ಕೈಗೆ ಎರಡು ಶೇಂಗಾ ಹೋಳಿಗೆ ಇಟ್ಟು ಹೋಗಲಿ. ನೆನಪು ಅಳಿಸುವುದರ ಬದಲು ಹೀಗೆ ಹಂಚಿ ಉಳಿಸಬಹುದು. ಗೌರಿ ಮೊದಲ ತುತ್ತು ಬಾಯಿಗಿಟ್ಟಾಗ ಸಿಹಿ ಹತ್ತದಿದ್ದದ್ದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ, ವಿವರಿಸುತ್ತ ಕೂರಬೇಡಿ.

ಹದಿನೇಳರ ನಿಜವಾದ ಪ್ರಶ್ನೆಯೊಂದು ಇನ್ನೂ ಬಾಕಿ ಇರುತ್ತದೆ, ಊರಲ್ಲಿರುವುದೋ ಹೊರಡುವುದೋ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಈ ಕಡೆಯ ಮಕ್ಕಳು ಈ ಭಾಗದವರಿಗಿರುವ 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕಾಗಿ ಕಚೇರಿಯ ಮುಂದೆ ಸಾಲು ನಿಲ್ಲುತ್ತಾರೆ, ಸೀಟು ಹೈದರಾಬಾದಿಗೆ ಹತ್ತಿರವೋ ಬೆಂಗಳೂರಿಗೋ ಎಂದು ಮನೆಯಲ್ಲಿ ಲೆಕ್ಕ ನಡೆಯುತ್ತದೆ. ಊರನ್ನು ಉಳಿಸಿದವಳೂ ಆ ಸಾಲಿನಲ್ಲಿ ನಿಲ್ಲಬೇಕು. ಗೌರಿ ಉಳಿದು ಸಾದಿಕ್ ಹೊರಟರೆ ಒಂದು ಬಗೆ, ತಿರುವು ಮುರುವಾದರೆ ಇನ್ನೊಂದು. ಇಬ್ಬರೂ ಉಳಿದು ಊರು ಕಾಯುತ್ತಾರೆ ಎಂಬುದು ನನಗೆ ಒಪ್ಪಿಗೆಯಾಗದ ಮುಕ್ತಾಯ. ಹದಿನೇಳು ವರ್ಷದವರಿಗೆ ಜೀವನಪೂರ್ತಿ ಕಾವಲು ಕೆಲಸ ಹಚ್ಚುವುದು ಅನ್ಯಾಯ. ಅವರಿಬ್ಬರ ನಡುವೆ ಪ್ರೀತಿ ಇದ್ದರೆ ಅದು ಹೇಳಿದಷ್ಟಕ್ಕೇ ನಿಲ್ಲಲಿ, ಮದುವೆಯ ಸುಳಿವು ಕೊಡುವ ಅಗತ್ಯವಿಲ್ಲ.

ಕಾಲದ ತಪ್ಪುಗಳು ಕೊನೆಯ ಪುಸ್ತಕದಲ್ಲೇ ಬಯಲಿಗೆ ಬರುತ್ತವೆ, ಯಾಕೆಂದರೆ ಆಗ ಓದುಗರು ಮೂರನ್ನೂ ಒಟ್ಟಿಗೆ ಓದುತ್ತಾರೆ. ಬೀದರ ಕಲಬುರಗಿ ರೈಲು ಮಾರ್ಗ ತೆರೆದದ್ದು 2017ರಲ್ಲಿ. ಮೊದಲ ಪುಸ್ತಕ 2016ರಲ್ಲಿ ನಡೆದಿದ್ದರೆ ಅದರಲ್ಲಿ ಸಾದಿಕ್ ಆ ರೈಲು ಹತ್ತಿರಬಾರದು. ಗುಲಬರ್ಗಾ ಸರಕಾರಿ ಕಾಗದದಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆದದ್ದು 2019ರಲ್ಲಿ. ಪುಸ್ತಕದಲ್ಲಿ ಬರುವ ಬೋರ್ಡು, ಟಿಕೆಟ್ಟು, ಅಂಕಪಟ್ಟಿಯಲ್ಲಿ ಆಯಾ ವರ್ಷದ ಹೆಸರು ಇರಬೇಕು. ಮುತ್ಯಾನ ಬಾಯಲ್ಲಿ ಮಾತ್ರ ಹಳೆಯದೇ ನಡೆಯುತ್ತದೆ.

ಕರಡು ಮುಗಿದ ಮೇಲೆ ಹದಿನಾಲ್ಕರಿಂದ ಹದಿನೇಳರ ನಡುವಿನ ಐದಾರು ಓದುಗರಿಗೆ ಮೂರೂ ಪುಸ್ತಕ ಕೊಡಿ. ಅವರಲ್ಲಿ ಇಬ್ಬರಾದರೂ ಬೀದರ ನೋಡದವರಿರಲಿ, ಕರೇಜಿನ ಚಿತ್ರ ಅವರ ಕಣ್ಣಿಗೆ ಕಟ್ಟಿತೋ ಇಲ್ಲವೋ ಅವರಿಂದಲೇ ತಿಳಿಯಬೇಕು. ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಅನ್ನುತ್ತಾರೆ. ಬದಲಿಗೆ, ಓದುವುದನ್ನು ಎಲ್ಲಿ ನಿಲ್ಲಿಸಿ ಊಟಕ್ಕೆ ಹೋದೆ, ಯಾವ ಪುಟ ಹಿಂದಕ್ಕೆ ತಿರುಗಿಸಿ ನೋಡಿದೆ, ಮುಗಿದ ಮೇಲೆ ಯಾರ ಬಗ್ಗೆ ಯೋಚನೆ ಬಂತು ಎಂದು ಕೇಳಿ. ಊಟಕ್ಕೆ ಎದ್ದ ಜಾಗ 165 ಮತ್ತು 200ರ ನಡುವೆ ಬಂದರೆ ಸುರಂಗ ಉದ್ದವಾಗಿದೆ. ಹಿಂದಕ್ಕೆ ತಿರುಗಿಸಿದ್ದು ಸಂತೋಷಕ್ಕೋ ಗೊಂದಲಕ್ಕೋ ಎಂದು ಬಿಡಿಸಿ ಕೇಳಿ. ಸಂತೋಷಕ್ಕಾದರೆ ನಿಯಮ ಸರಿಯಾಗಿ ನೆಟ್ಟಿದೆ, ಗೊಂದಲಕ್ಕಾದರೆ ಮೂರನೇ ಪುಸ್ತಕದ ಮೊದಲ ಮೂವತ್ತು ಪುಟದಲ್ಲಿ ಅದನ್ನು ಇನ್ನೊಮ್ಮೆ ಬಳಕೆಯಲ್ಲಿ ತೋರಿಸಬೇಕು. ಮೂರನೇ ಪ್ರಶ್ನೆಗೆ ಬರುವ ಉತ್ತರಗಳು ಸಣ್ಣ ಪಾತ್ರಗಳ ಬಗ್ಗೆಯೇ ಹೆಚ್ಚು: ಸಾದಿಕ್‌ನ ಕೈಗೆ ಕುದಿನೀರು ಸಿಡಿದಿತ್ತಲ್ಲ, ಅವನ ಅಮ್ಮೀಗೆ ಏನು ಹೇಳಿದ? ಇಂಥದ್ದಕ್ಕೆ ಹೊಸ ಅಧ್ಯಾಯ ಬೇಡ. ಬಾವಿಯ ಜಗಳದ ದೃಶ್ಯದಲ್ಲಿ ಅವನ ಮೊಣಕೈಗೆ ಒಂದು ಪಟ್ಟಿ ಕಟ್ಟಿ, ಚಹಾ ಸೋಸುವಾಗ ಚೆಲ್ಲಿತು ಎಂದು ಅವನ ಬಾಯಲ್ಲೇ ಒಂದು ಮಾತು ಹೇಳಿಸಿ. ಅಮ್ಮೀ ನಂಬದೆ ಅವನನ್ನೇ ನೋಡುತ್ತ ನಿಲ್ಲಲಿ.